ಪಾರ್ಸೆಲ್‌ನ ಮನೆಗೆ ಗಿಡ

ಮಾರ್ಚ್ ೪, ಬುಧವಾರ

ಅಕ್ಕ,

ಇಲ್ಲ ಕಣೇ, ನಿನ್ನೆಯೂ ತಿನ್ನಲಿಲ್ಲ. ಒಳ್ಳೇ ದಪ್ಪ ಎರೆಹುಳ, ಹಿತ್ತಲಲ್ಲಿ ನಾನೇ ಅಗೆದು ತಂದಿದ್ದು. ತೊಳೆದು, ಮದುವೆ ಗಂಡಿನ ಹಾಗೆ ಸಿಂಗಾರ ಮಾಡಿ ಅವನ ಮೂಗಿನ ಮುಂದೆ ಹಿಡಿದೆ. ನಮ್ಮ ಪಾರ್ಸೆಲ್ ಸಾಹೇಬರು ಒಂದು ಸಲ ನೋಡಿದರು, ಆ ಕಡೆ ತಿರುಗಿಕೊಂಡರು. ಕಾದು ಕಾದು ಹುಳಾನೇ ಬೇಜಾರಾಗಿ ಎದ್ದು ಹೋಯ್ತು.

ಫೋನಲ್ಲಿ ಹೇಳೋಣ ಅಂದರೆ ನೀನು "ಹ್ಞೂಂ, ಹ್ಞೂಂ, ನಾವೆಲ್ಲ ಚೆನ್ನಾಗಿದ್ದೀವಿ" ಅಂದು ಇಟ್ಟುಬಿಟ್ಟೆ. ನಾನು ಕೇಳಿದ್ದು ಗಿಡದ ವಿಷಯ. ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೆ ನಿಂತ ಅಕ್ಷರ, ಅದಕ್ಕಿನ್ನೂ ಮೀಸೆ ಬಂದಿಲ್ಲ.

ಆಗಿದ್ದು ಇಷ್ಟು. ಪಾರ್ಸೆಲ್ ಇದ್ದ ಅಪ್ಪನ ಹಳೇ ಗಾಜಿನ ಪೆಟ್ಟಿಗೆ ಮೂಲೇಲಿ ಸೋರೋಕೆ ಶುರುವಾಯ್ತು. ಊರಿನ ಕಿಟಕಿಗೆಲ್ಲ ಗಾಜು ಕೂರಿಸೋನ ಮನೇಲಿ ಸೋರೋ ಪೆಟ್ಟಿಗೆ ಇದ್ದರೆ ನಾಲ್ಕು ಜನ ಏನಂತಾರೆ. ಹೊಸದು ಮಾಡಿದೆ. ಅಕ್ಕ, ಅದನ್ನ ನೀನು ನೋಡಬೇಕು. ದಪ್ಪ ಗಾಜು, ಅಂಚೆಲ್ಲ ಉಜ್ಜಿ ನಯ ಮಾಡಿದ್ದೀನಿ, ಮಗು ಕೆನ್ನೆ ಇಟ್ಟರೂ ಗೀರಲ್ಲ. ಮುಂದಿನ ಕೋಣೆಯ ಸಿಮೆಂಟ್ ಕಟ್ಟೆ ಮೇಲೆ ಇಟ್ಟು, ಕೆಳಗೆ ಎರಡು ಪದರ ಸ್ಪಂಜು ಹಾಸಿದ್ದೀನಿ. ಬೀದೀಲಿ ಲಾರಿ ಹೋದರೂ ಒಳಗೆ ಒಂದು ಹನಿ ನೀರು ಅಲ್ಲಾಡಲ್ಲ. ನಮ್ಮ ಕಸುಬಿನೋರು ಗಾಜನ್ನ ಹೆಂಡತಿಗಿಂತ ಮೆತ್ತಗೆ ಮಲಗಿಸ್ತೀವಿ ಅಂತ ಇವಳು ದಿನಾ ಹಂಗಿಸ್ತಾಳೆ.

ಆದರೆ ಪೆಟ್ಟಿಗೆ ಮಾಡೋ ಗಡಿಬಿಡೀಲಿ ಹಳೇ ಗಿಡಗಳನ್ನ ಬಕೆಟ್ಟಿಗೆ ಹಾಕಿ ಮಹಡಿ ಮೇಲಿಟ್ಟಿದ್ದೆ. ಒಂದು ಮಧ್ಯಾಹ್ನದ ಬಿಸಿಲಿಗೆ ಎಲ್ಲ ಹಪ್ಪಳ. ಈಗ ಅರಮನೆ ರೆಡಿ, ಒಳಗೆ ಒಂದು ಹುಲ್ಲುಕಡ್ಡಿ ಇಲ್ಲ. ಆವತ್ತಿಂದ ಪಾರ್ಸೆಲ್ ಊಟ ಬಿಟ್ಟಿದ್ದಾನೆ.

ಗಿಡದಂಗಡಿಗೆ ಹೋದೆ. ಅಂಗಡಿಯೋನು "ಯಾವುದಕ್ಕೆ ಗಿಡ" ಅಂದ. "ಸಲಮ್ಯಾಂಡರಿಗೆ" ಅಂದೆ. "ಅದು ಯಾವ ಕಂಪನಿ" ಅಂದ.

"ಕಂಪನಿ ಅಲ್ಲಪ್ಪ, ಜೀವ. ಹಲ್ಲಿ ಆಕಾರ, ಕಪ್ಪೆ ಚರ್ಮ. ಕಪ್ಪು ಮೈ ಮೇಲೆ ಹಳದಿ ಬೊಟ್ಟು, ಪೇಂಟಿನವನು ಏಣಿ ಮೇಲಿಂದ ಚೆಲ್ಲಿದ ಹಾಗೆ. ಅಂಗೈ ಉದ್ದ ಇದ್ದಾನೆ."

"ಕಚ್ಚುತ್ತಾ?"

"ಎರೆಹುಳಾನೇ ಕಚ್ಚುತ್ತಿಲ್ಲ, ನಿನ್ನನ್ನ ಕಚ್ಚುತ್ತಾ."

ಆಮೇಲೆ ಅವನಿಗೆ ಪೂರ್ತಿ ಕಥೆ ಹೇಳಿದೆ. ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಲ್ಲಿ ಮೂಟೆ ಹೊರ್ತಿದ್ದಾಗ ಎಲ್ಲಿಂದಲೋ ಗಿಡಗಳ ಪೆಟ್ಟಿಗೆ ಬಂದಿದ್ದು, ಬೇರಿಗೆ ಸುತ್ತಿದ್ದ ಒದ್ದೆ ಪಾಚಿ ಒಳಗೆ ಇವನು ಮುದುರಿಕೊಂಡು ಕೂತಿದ್ದು, ಗಿಡ ತಗೊಳ್ಳೋಕೆ ಬಂದೋರು "ಗಿಡಕ್ಕೆ ರಶೀದಿ ಇದೆ, ಇದಕ್ಕಿಲ್ಲ" ಅಂತ ಬಿಟ್ಟುಹೋಗಿದ್ದು, ಅಪ್ಪ ಊಟದ ಡಬ್ಬೀಲಿ ಪಾಚಿ ಸಮೇತ ತಂದು ಮೇಜಿನ ಮೇಲೆ ಬಿಚ್ಚಿದ್ದು. "ಏನಪ್ಪ ಇದು" ಅಂತ ನಾನು ಕಿರುಚಿದರೆ, ನೀನು ಒಳ್ಳೇ ಪೋಸ್ಟ್ ಮಾಸ್ಟರ್ ಹಾಗೆ "ಪಾರ್ಸೆಲ್" ಅಂದೆ. ಅದೇ ಹೆಸರು ನಿಂತುಹೋಯ್ತು. ಆಗ ನನಗೆ ಚಡ್ಡಿ, ಈಗ ತಲೇಲಿ ಬೆಳ್ಳಿ. ಅವನು ಮಾತ್ರ ಹಾಗೇ ಇದ್ದಾನೆ, ಸುಕ್ಕಿಲ್ಲ ಸೊಟ್ಟಿಲ್ಲ.

ಅಂಗಡಿಯೋನು ಮೂರು ಗಿಡ ಕೊಟ್ಟ. ಕೆಂಪು ಹೂವಿಂದೊಂದು, ಟೋಪಿ ಹಾಕ್ಕೊಂಡ ಹಾಗಿರೋ ಪುಟ್ಟ ಮುಳ್ಳುಗಿಡ ಒಂದು, ಪಟ್ಟೆ ಎಲೆದೊಂದು. ನೆಟ್ಟೆ. ಇವಳು ನೋಡಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂದಳು.

ಅಕ್ಕ, ಅಪ್ಪನ ಪೆಟ್ಟಿಗೇಲಿ ಯಾವ ಯಾವ ಗಿಡ ಇತ್ತು, ಅದನ್ನ ಬರಿ, ದಿನಾ ನೋಡ್ತಿದ್ದರೂ ನನಗೆ ಒಂದರ ಹೆಸರೂ ಗೊತ್ತಿಲ್ಲ. ನೆಟ್ಟಿದ್ದು ನೀನು, ನಾನು ಬರೀ ನೀರು ಚೆಲ್ಲಿ ಬೈಸ್ಕೊಂಡೋನು. ಅಪ್ಪ ಹೋಗಿ ವರ್ಷ ಆಯ್ತು. ಅವರ ಕೋಟು ನನಗೆ ಹೊಟ್ಟೆ ಹತ್ತಿರ ಬಿಗಿ, ಮೇಜು ಅಡಿಗೆಮನೇಲಿದೆ, ಉಸಿರಾಡೋ ಅಂಥದ್ದು ಅಂತ ಉಳಿದಿರೋದು ಇವನೊಬ್ಬನೇ. ಇವನೂ ಹೋದರೆ ನನ್ನ ಜೋಕು ಕೇಳೋಕೆ ಮನೇಲಿ ಇವಳೊಬ್ಬಳೇ. ಇವಳು ನಗೋದು ಬಿಟ್ಟು ಕಾಲ ಆಯ್ತು.

ನಿನ್ನ ತಮ್ಮ


ಮಾರ್ಚ್ ೧೫

ಲೋ ಬಾಯಿಬಡುಕ,

ಮೊದಲು ಆ ಮೂರೂ ಗಿಡ ಆಚೆ ತೆಗಿ. ಓದ್ತಾ ಕೂರಬೇಡ, ತೆಗೆದು ಬಂದು ಓದು.

ತೆಗೆದ್ಯಾ. ಸರಿ.

ಹೂವಿನ ಗಿಡಕ್ಕೆ ಬಿಸಿಲು ಬೇಕು, ಅವನಿಗೆ ತಂಪು ನೆರಳು ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಸಂಸಾರ ಅದು. ಮುಳ್ಳುಗಿಡ ಹಾಕಿದ ನಿನ್ನ ಬುದ್ಧಿಗೆ ಏನು ಹೇಳಲಿ. ಅವನ ಚರ್ಮ ನೆನೆದ ಕಾಗದ ಇದ್ದ ಹಾಗೆ. ಇನ್ನೊಂದು ವಿಷಯ, ಅಂಗಡಿ ಗಿಡದ ಮಣ್ಣಲ್ಲಿ ಗೊಬ್ಬರ ಇರುತ್ತೆ, ಎಲೆಗೆ ಹುಳದ ಔಷಧಿ ಹೊಡೆದಿರ್ತಾರೆ. ಅವನು ನಮ್ಮ ಹಾಗೆ ಲೋಟದಲ್ಲಿ ನೀರು ಕುಡಿಯಲ್ಲ, ಚರ್ಮದಲ್ಲೇ ಕುಡೀತಾನೆ. ನೀನು ಪೆಟ್ಟಿಗೆಗೆ ಹಾಕಿದ್ದೆಲ್ಲ ಅವನ ಹೊಟ್ಟೆಗೆ ಹಾಕಿದ ಹಾಗೇ. ಯಾವ ಗಿಡ ತಂದರೂ ಬೇರಿನ ಮಣ್ಣೆಲ್ಲ ಉದುರಿಸು, ಎಲೆ ತೊಳಿ, ಒಂದಷ್ಟು ದಿನ ಬರೀ ಮಣ್ಣಲ್ಲಿ ಹೊರಗಿಡು, ಆಮೇಲೆ ಒಳಗೆ. ಅಲ್ಲಿತನಕ ಅವನಿಗೆ ಪಾಚಿ ಒಂದೇ ಸಾಕು.

ಏನೇನಿತ್ತು ಅಂತ ಕೇಳಿದೆಯಲ್ಲ. ಕಣ್ಣು ಮುಚ್ಚಿದರೆ ಕಾಣುತ್ತೆ. ನೆಲದ ತುಂಬ ಪಾಚಿ, ಅದು ಗೂಡ್ಸ್ ಶೆಡ್ಡಿನ ಹಿಂದಿನ ಗೋಡೇದು, ಬಿಸಿಲು ಬೀಳದ ಕಡೇದು. ಎಡಗಡೆ ಮೂಲೇಲಿ ಜರಿಗಿಡ, ನೀರಿನ ಟ್ಯಾಂಕ್ ತೊಟ್ಟಿಕ್ಕೋ ಜಾಗದಿಂದ ಕಿತ್ತಿದ್ದು. ಮಧ್ಯದಲ್ಲಿ ದಪ್ಪ ಗುಂಡೆಲೆಯ ಪುಟ್ಟ ಗಿಡ, ಅಮ್ಮ ಯಾರ ಮನೆಯಿಂದಲೋ ಕೇಳಿ ತಂದಿದ್ದು. ಹಿಂದೆ ಗಾಜಿನ ಮೇಲೆ ಹಬ್ಬಿದ ಮನಿಪ್ಲಾಂಟ್ ಬಳ್ಳಿ. ಅದರ ಎಲೆ ಕೆಳಗೇ ಅವನು ಮಲಗ್ತಿದ್ದಿದ್ದು. ಎಲ್ಲ ನೆರಳಿನ ಗಿಡಗಳು, ಎಲ್ಲ ಮೆತ್ತಗಿನ ಎಲೆಗಳು, ಅವನ ತೂಕಕ್ಕೆ ಬಗ್ಗಿ ಮತ್ತೆ ಎದ್ದು ನಿಲ್ಲೋ ಅಂಥವು. ಆರಿಸೋವಾಗ ಅಷ್ಟು ನೋಡು ಸಾಕು.

ಪಾಚಿ ಕೀಳೋಕೆ ನಾವಿಬ್ಬರೂ ಅಮ್ಮನ ದೊಡ್ಡ ಚಮಚ ಕದ್ದುಕೊಂಡು ಹೋಗಿದ್ದು ನೆನಪಿದೆಯಾ. ನೀನು ಅದನ್ನ ಗೋಡೆ ಸಂದೀಲಿ ಸಿಕ್ಕಿಸಿ ಬಗ್ಗಿಸಿಬಿಟ್ಟೆ. ಅಮ್ಮ ಕೇಳಿದರೆ, "ಚಮಚ ನಮಸ್ಕಾರ ಮಾಡ್ತಿದೆ" ಅಂದೆ. ಏಟು ಬಿದ್ದಿದ್ದು ನನಗೆ. ಅಮ್ಮ ಇರೋತನಕ ಅದೇ ಬಾಗಿದ ಚಮಚದಲ್ಲಿ ಬಡಿಸಿದಳು.

ಫೋನ್ ಮಾಡಬೇಡ. ಲೈನ್ ಸರಿ ಇಲ್ಲ. ಕಾಗದ ಬರಿ. ಕಾಗದ ಆದರೆ ಎರಡು ಸಲ ಓದಬಹುದು.

ಅಕ್ಕ


ಏಪ್ರಿಲ್ ೨, ಗುರುವಾರ

ಅಕ್ಕ,

ಅಪ್ಪಣೆ ಪ್ರಕಾರ ಎಲ್ಲ ಆಗಿದೆ. ಹೂವಿನ ಗಿಡ ಈಗ ಕಿಟಕೀಲಿದೆ, ಮುಳ್ಳುಗಿಡ ನನ್ನ ಅಂಗಡೀಲಿದೆ. ಗಾಜು ಮುಟ್ಟಿ ನೋಡೋ ಗಿರಾಕಿಗಳ ಕೈ ಪಕ್ಕ ಇಟ್ಟಿದ್ದೀನಿ, ಬಹಳ ಉಪಯೋಗಕ್ಕೆ ಬರ್ತಿದೆ.

ಪಾಚಿಗೆ ಅಂತ ನಾನೂ ಇವಳೂ ಹಳೇ ನೀರಿನ ಟ್ಯಾಂಕಿನ ಹಿಂದೆ ಹೋಗಿದ್ವಿ. ನಾನು ಗೋಡೆ ಕೆರೀತಾ ಇದ್ದೆ, ಇವಳು ಚೀಲ ಹಿಡಿದಿದ್ದಳು. ಅಲ್ಲಿನ ಕಾವಲುಗಾರ ಬಂದು, "ಏನ್ರೀ ಕದೀತಿದ್ದೀರ" ಅಂದ. "ಗೋಡೆಗೆ ಕ್ಷೌರ ಮಾಡ್ತಿದ್ದೀವಿ" ಅಂದೆ. ಇವಳು ನಕ್ಕಳು ಅಕ್ಕ. ಬರೆದಿಟ್ಟುಕೋ, ನಾಳೆ ಅವಳು ಇಲ್ಲ ಅಂತಾಳೆ. ಜರಿಗಿಡ ಗಿಡದಂಗಡೀಲೇ ಸಿಕ್ತು, ಗುಂಡೆಲೆ ಗಿಡವೂ ಸಿಕ್ತು. ಎರಡನ್ನೂ ತೊಳೆದೆ. ಅಂಗಡಿಯೋನು "ಗಿಡಕ್ಕೆ ಸ್ನಾನ ಮಾಡಿಸ್ತೀರಾ" ಅಂದ. "ನಮ್ಮ ಮನೆ ಸೇರೋರೆಲ್ಲ ಸ್ನಾನ ಮಾಡೇ ಬರಬೇಕು" ಅಂದೆ. ನೀನು ಹೇಳಿದ ಹಾಗೆ ಒಂದಷ್ಟು ದಿನ ಹೊರಗಿಟ್ಟು ಮೊನ್ನೆ ನೆಟ್ಟೆ. ಬಳ್ಳಿ ಮಾತ್ರ ಮನಸ್ಸಿಗೆ ಬರಲಿಲ್ಲ. ಅಂಗಡೀಲಿರೋದು ಎಲೆ ಮೇಲೆಲ್ಲ ಸುಣ್ಣ ಎರಚಿದ ಹಾಗಿದೆ. ನಮ್ಮದು ಅಚ್ಚ ಹಸಿರು ಅಲ್ಲವಾ.

ಈಗ ಪೆಟ್ಟಿಗೆ ನೋಡಿದರೆ ಒಳಗೆ ಹೋಗಿ ಮಲಗೋಣ ಅನ್ಸುತ್ತೆ. ಮುಚ್ಚಳಾನೂ ಮಾಡಿದೆ, ಒಂದೇ ಗಾಜು, ಸುತ್ತ ರಬ್ಬರ್ ಪಟ್ಟಿ. ನನ್ನ ಕಿಟಕಿಗಳ ಹಾಗೇ, ಗಾಳಿ ಬೇಕು ಅಂದರೂ ಅರ್ಜಿ ಹಾಕ್ಕೊಂಡೇ ಬರಬೇಕು. ಒಳಗಿನ ತೇವ ಒಳಗೇ ಇರುತ್ತೆ.

ಪಾರ್ಸೆಲ್ ಇನ್ನೂ ತಿಂದಿಲ್ಲ. ಹೊಸ ಮನೆಗೆ ಹೋದ ಮದುಮಗಳ ಹಾಗೆ ನಾಚಿಕೆ ಇರಬೇಕು. ನಾನು ದಿನಾ ಸಾಯಂಕಾಲ ಮುಂದೆ ಕೂತು ಕರೀತೀನಿ. "ಬಾರೋ ಪಾರ್ಸೆಲ್, ಬಾರಪ್ಪ" ಅಂತ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕರೆದರೆ ಬರದೇ ಇರೋರು ಅಂದಾಗ ನೆನಪಾಯ್ತು. ಮೊನ್ನೆ ನಿನಗೆ ಫೋನ್ ಮಾಡಿದೆ. ಭಾವ ಎತ್ತಿದರು. ಲೈನ್ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿತ್ತು. "ಕೊಡ್ತೀನಿ" ಅಂದು ಯಾಕೋ ತಡವರಿಸಿದರು. ನೀನು ಬಂದೆ. ನಾನು "ಬಳ್ಳಿ ಯಾವ ಹಸಿರು" ಅಂತ ಕೇಳಿದರೆ ನೀನು "ಹೌದು ಕಣೋ, ತುಂಬಾ ಸೆಕೆ" ಅಂದೆ. ಇನ್ನೊಂದು ಸಲ ಕೇಳಿದರೆ "ಸರಿ ಸರಿ, ಎಲ್ಲರನ್ನೂ ಕೇಳಿದೆ ಅಂತ ಹೇಳು" ಅಂದು ಇಟ್ಟೆ. ಏನಕ್ಕ ಇದು, ಚೆನ್ನಾಗಿ ಕಿವುಡಿ ನಾಟಕ ಕಲಿತಿದ್ದೀಯ. ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ಲದಿದ್ದರೆ ನೇರ ಹೇಳು.

ನನಗೆ ಗೊತ್ತು, ಅಪ್ಪನ ಸಾಮಾನೆಲ್ಲ ನಾನೇ ಇಟ್ಟುಕೊಂಡೆ ಅಂತ ಇರಬೇಕು. ಮೇಜು ನಿನಗೆ ಬೇಕಾ. ಹೇಳು, ಕಾಲು ಕಳಚಿ ಲಾರೀಲಿ ಹಾಕಿ ಕಳಿಸ್ತೀನಿ. ಕೋಟು ಭಾವನಿಗೆ ಸರಿಹೋಗುತ್ತೆ, ಅವರಿಗೆ ಹೊಟ್ಟೆ ಇಲ್ಲ. ವರ್ಷ ಆಯ್ತು ನೀನು ಈ ಕಡೆ ತಲೆ ಹಾಕಿ.

ನಿನ್ನ ತಮ್ಮ


ಏಪ್ರಿಲ್ ೨೦

ಅಕ್ಕ,

ಉತ್ತರ ಇಲ್ಲ. ಮೇಜಿನ ಮಾತು ಆಡಬಾರದಿತ್ತೇನೋ.

ಜರಿಗಿಡ ಕಪ್ಪಾಗಿದೆ. ಪಾಚಿ ಮೇಲೆ ಬಿಳೀ ಹತ್ತಿ ಬೆಳೆದ ಹಾಗೆ ಏನೋ ಬಂದಿದೆ. ಮುಚ್ಚಳ ತೆಗೆದರೆ ಒದ್ದೆ ಬಟ್ಟೆ ಗಂಟು ಬಿಚ್ಚಿದ ವಾಸನೆ. ಗಾಜೆಲ್ಲ ಬೆವರು, ಒರೆಸಿದರೆ ಮತ್ತೆ ಬೆವರು. ಪಾರ್ಸೆಲ್ ಮೂಲೇಲಿ ಮೂಗು ಮೇಲೆ ಮಾಡಿ ಗಾಜಿಗೆ ಒತ್ತಿಕೊಂಡು ನಿಂತಿದ್ದಾನೆ. ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡೋ ಮುದುಕನ ಹಾಗೆ ಅಂತ ಬರೆಯೋಣ ಅಂದುಕೊಂಡೆ. ನಗು ಬರಲಿಲ್ಲ.

ಏನು ಮಾಡಲಿ, ಅಷ್ಟು ಹೇಳು.

ತಮ್ಮ


ಏಪ್ರಿಲ್ ೨೬, ಭಾನುವಾರ

ತಮ್ಮ,

ಮುಚ್ಚಳ ತೆಗೆದು ಎಸಿ. ಸಣ್ಣ ಕಣ್ಣಿನ ಜಾಲರಿ ಹಾಕು. ಅಪ್ಪನ ಪೆಟ್ಟಿಗೆ ಮೇಲೆ ಹಿಟ್ಟು ಜರಡಿ ಹಿಡಿಯೋ ಹಳೇ ಜಾಲರಿ ಇತ್ತು, ಮರೆತೆಯಾ. ಗಾಳಿ ಆಡದೇ ಇದ್ದರೆ ನೆರಳಿನ ಗಿಡವೂ ಕೊಳೆಯುತ್ತೆ. ಕಿಟಕಿ ಮುಚ್ಚಿ ಮುಚ್ಚಿ ನಿನಗೆ ಅದೇ ಅಭ್ಯಾಸ. ಕೊಳೆತಿದ್ದೆಲ್ಲ ತೆಗಿ, ಮಣ್ಣು ಬದಲಾಯಿಸು, ಹೊಸ ಪಾಚಿ ಹಾಕು. ಗುಂಡೆಲೆ ಗಿಡ ಉಳಿಯುತ್ತೆ, ಅದು ಮೊಂಡು. ಜರಿಗಿಡದ ಬುಡ ಹಸಿರಿದ್ದರೆ ಕಪ್ಪು ಎಲೆ ಕತ್ತರಿಸು, ಮತ್ತೆ ಚಿಗುರುತ್ತೆ.

ಅಂಗಡಿ ಬಳ್ಳಿ ತಗೋಬೇಡ. ಇದರ ಜೊತೆ ಒಂದು ಡಬ್ಬಿ ಕಳಿಸಿದ್ದೀನಿ. ಒದ್ದೆ ಬಟ್ಟೆ ಸುತ್ತಿದ್ದೀನಿ, ಹುಷಾರಾಗಿ ಬಿಚ್ಚು. ನಾನು ಗಂಡನ ಜೊತೆ ಊರು ಬಿಟ್ಟ ದಿನ ಅಪ್ಪ ಪಾರ್ಸೆಲ್‌ನ ಪೆಟ್ಟಿಗೆಯ ಬಳ್ಳಿ ಮುರಿದು ಬಾಟ್ಲಿ ನೀರಲ್ಲಿ ಹಾಕಿ ಕೈಗೆ ಕೊಟ್ಟಿದ್ದರು. "ಹೋದಲ್ಲಿ ಒಂದು ಎಲೆ ಬಿಟ್ಟರೆ ಬರಿ" ಅಂದಿದ್ದರು. ಈಗ ಅದು ನನ್ನ ಕಿಟಕಿ, ಬಾಗಿಲು, ನಿಮ್ಮ ಭಾವನ ಕನ್ನಡಕದ ಕಪಾಟು ಎಲ್ಲ ನುಂಗಿದೆ. ಅದೇ ಬಳ್ಳಿ. ಅಚ್ಚ ಹಸಿರು.

ಮೇಜು ಬೇಡ. ನಿನ್ನ ಮೇಲೆ ಕೋಪ ಇಲ್ಲ. ನೀನು ಜೋಕು ಬರೆಯೋಕೆ ಹೋಗಿ ಬಿಟ್ಟೆಯಲ್ಲ, ಅದನ್ನ ಓದಿ ಭಯ ಆಯ್ತು.

ಅಕ್ಕ


ಮೇ ೧೦, ಭಾನುವಾರ

ಅಕ್ಕ,

ಡಬ್ಬಿ ಬಂತು. ಅಂಚೆಯೋನು "ಪಾರ್ಸೆಲ್" ಅಂತ ಕೂಗಿದ. ನಾನು ಒಳಗಿಂದ "ಅವನು ಯಾರನ್ನೂ ಭೇಟಿ ಮಾಡ್ತಿಲ್ಲ" ಅಂದೆ. ಇವಳು ಹೋಗಿ ಸಹಿ ಮಾಡಿದಳು.

ಬಟ್ಟೆ ಬಿಚ್ಚಿದಾಗ ಆ ವಾಸನೆ ಅಕ್ಕ. ಹಸಿ ಎಲೆ, ತೇವ, ಸ್ವಲ್ಪ ಮಣ್ಣು. ಹಳೇ ಮನೆ ಮೇಜಿನ ಹತ್ತಿರ ಹೋಗಿ ನಿಂತ ಹಾಗಾಯ್ತು. ಅಪ್ಪ ಕೆಲಸದಿಂದ ಬಂದು ಕೈ ತೊಳೆದು, ಅಂಗೈಯಲ್ಲಿ ನೀರು ಹಿಡಿದು ಎಲೆ ಮೇಲೆ ಚಿಮುಕಿಸ್ತಿದ್ದರಲ್ಲ. ಕುತ್ತಿಗೇಲಿ ಮೂಟೆ ಗುರುತು ಕೆಂಪಗೆ ಇರ್ತಿತ್ತು, ಕೈ ಮಾತ್ರ ಹಗುರ. ನಾನು ಆ ಬಟ್ಟೆ ಮೂಸ್ತಾ ಎಷ್ಟು ಹೊತ್ತು ಕೂತಿದ್ದೆನೋ. ಇವಳು ನೆಗಡಿ ಅಂದುಕೊಂಡಳು. ನಾನೂ ಹೌದು ಅಂದೆ.

ಜಾಲರಿ ಹಾಕಿದ್ದೀನಿ. ಬಳ್ಳಿ ಹಿಂದಿನ ಗಾಜಿಗೆ ಹತ್ತಿದೆ, ತುದೀಲಿ ಹೊಸ ಎಲೆ ಸುರುಳಿ ಬಿಚ್ತಿದೆ. ಜರಿಗಿಡ ಪುಟ್ಟ ಪುಟ್ಟ ಮುಷ್ಟಿ ಎತ್ತಿದೆ, ಹೊಡೆದಾಟಕ್ಕೆ ನಿಂತ ಹಾಗೆ. ಪಾಚಿ ಹಸಿರು. ಎಲ್ಲ ಜೀವ ಹಿಡಿದಿದೆ. ಅವನೊಬ್ಬನನ್ನ ಬಿಟ್ಟು.

ಬಳ್ಳಿ ನೆಟ್ಟ ದಿನ ಅದರ ಕೆಳಗೆ ಹೋಗಿ ಮಲಗಿದ, ಅದೇ ಹಳೇ ಜಾಗ ಅನ್ನೋ ಹಾಗೆ. ಆದರೆ ಆಚೆ ಬರಲ್ಲ, ತಿನ್ನಲ್ಲ. ಬಾಲ ಸಣ್ಣ ಆಗಿದೆ. ಕೈಲಿ ಹಿಡಿದರೆ ತೂಕ ಇಲ್ಲ, ಒದ್ದೆ ಎಲೆ ಹಿಡಿದ ಹಾಗಿದೆ. ಇಷ್ಟು ದಿನ ನಿನಗೆ ಇದನ್ನ ಬರೆಯಲಿಲ್ಲ. ಹುಳ ಮೂಗಿಗೆ ತಾಗಿಸಿದರೂ ಒಳಗೆ ಸರೀತಾನೆ. ದಿನಾ ಕರೀತೀನಿ. ಮೊನ್ನೆ ಅಪ್ಪನ ದನಿ ಮಾಡಿ ಕರೆದೆ. ಅಪ್ಪನ ದನಿ ನನಗೆ ಚೆನ್ನಾಗಿ ಬರುತ್ತೆ ಅಂತ ನಿಮಗೆಲ್ಲ ಗೊತ್ತಲ್ಲ, ಆ ಒರಟು ದನಿ. ಅಡಿಗೆಮನೇಲಿದ್ದ ಇವಳು ಪಾತ್ರೆ ಬಿಟ್ಟು ಓಡಿಬಂದಳು. ಇವನು ಅಲ್ಲಾಡಲಿಲ್ಲ.

ನೀನು ಒಂದು ಸಲ ಬಂದು ನೋಡು ಅಕ್ಕ. ಅವನು ನಿನ್ನ ಮಾತು ಕೇಳ್ತಾನೆ.

ತಮ್ಮ


ಮೇ ೧೭, ಭಾನುವಾರ

ತಮ್ಮ,

ಅವನು ನನ್ನ ಮಾತು ಕೇಳಲ್ಲ ಕಣೋ. ಯಾರ ಮಾತೂ ಕೇಳಲ್ಲ. ಅವನಿಗೆ ಕಿವಿ ಎಲ್ಲಿದೆ. ಹೋಗಿ ನೋಡು, ತಲೆ ಪಕ್ಕ ತೂತು ಕೂಡ ಇಲ್ಲ. ನೀನು ಅಪ್ಪನ ದನಿ ಮಾಡಿದರೂ ಒಂದೇ, ಕತ್ತೆ ದನಿ ಮಾಡಿದರೂ ಒಂದೇ.

ಅಪ್ಪ ಅವನನ್ನ ಯಾವತ್ತಾದರೂ ಬಾಯಲ್ಲಿ ಕರೆದಿದ್ದು ನೋಡಿದ್ದೀಯಾ. ನೆನಪು ಮಾಡ್ಕೋ. ಪೆಟ್ಟಿಗೆ ಇದ್ದಿದ್ದು ಮೇಜಿನ ತುದೀಲಿ. ಊಟ ಬಡಿಸಿದ ಮೇಲೆ ಅಪ್ಪ ಬೆರಳ ಗೆಣ್ಣಲ್ಲಿ ಮೇಜಿಗೆ ಎರಡು ಸಲ ಬಡೀತಿದ್ದರು. ಟಕ್, ಟಕ್. ದಿನವಿಡೀ ಶೆಡ್ಡಲ್ಲಿ ಕೂಗಿ ಕೂಗಿ ಗಂಟಲು ಹೋಗಿರ್ತಿತ್ತು, ಮನೇಲಿ ಯಾರನ್ನೂ ಕೂಗಿ ಕರೀತಿರಲಿಲ್ಲ. ಆ ಸದ್ದಿಗೆ ನೀನು ಬೀದಿಯಿಂದ ಓಡಿಬರ್ತಿದ್ದೆ, ನಾನು ಒಳಗಿಂದ, ಅವನು ಬಳ್ಳಿ ಕೆಳಗಿಂದ. ಆದರೆ ಅವನಿಗೆ ಅದು ಸದ್ದಲ್ಲ. ಮರ ನಡುಗಿದ್ದು ಅವನ ಕಾಲಿಗೆ, ಹೊಟ್ಟೆಗೆ ಗೊತ್ತಾಗ್ತಿತ್ತು. ಮೇಜು ನಡುಗಿದರೆ ಊಟ ಅಂತ ಇಷ್ಟು ವರ್ಷ ಬದುಕಿದೋನು. ಅಪ್ಪ ಹೋದ ಮೇಲೂ ಹಳೇ ಪೆಟ್ಟಿಗೆ ಅಲ್ಲೇ ಇತ್ತಲ್ಲ, ನೀವು ಇಡೋ ತಟ್ಟೆ ಪಾತ್ರೆಗೆ ಮೇಜು ನಡುಗ್ತಾನೇ ಇತ್ತು.

ನೀನು ಏನು ಮಾಡಿದ್ದೀಯ. ಸಿಮೆಂಟ್ ಕಟ್ಟೆ, ಮೇಲೆ ಎರಡು ಪದರ ಸ್ಪಂಜು. ಲಾರಿ ಹೋದರೂ ಅಲ್ಲಾಡಲ್ಲ ಅಂತ ಬಡಾಯಿ ಕೊಚ್ಚಿಕೊಂಡಿದ್ದೀಯ. ಮೊದಲನೇ ಕಾಗದದಲ್ಲೇ ಬರೆದಿದ್ದೆ, ನನಗೇ ಹೊಳೀಲಿಲ್ಲ. ಗಿಡ, ಗಿಡ ಅಂತ ಅದರ ಹಿಂದೇನೇ ಇದ್ದೆ. ನಿನ್ನ ಪ್ರಕಾರ ಗಾಜಿಗೆ ಅದು ಸುಖ. ಅವನಿಗೆ ಹೇಗಿರುತ್ತೆ ಗೊತ್ತಾ. ಎಲ್ಲ ಇದೆ, ಮನೆ ಇದೆ, ಗಿಡ ಇದೆ, ಗಾಜಿನ ಆಚೆ ಜನ ಓಡಾಡ್ತಾರೆ, ಬಾಯಿ ಆಡಿಸ್ತಾರೆ, ಆದರೆ ಯಾರೂ ಇವನನ್ನ ಕರೀತಿಲ್ಲ.

ಅದು ಹೇಗಿರುತ್ತೆ ಅಂತ ನನಗೆ ಗೊತ್ತು ತಮ್ಮ. ನನಗೆ ಕಿವಿ ಕೇಳಲ್ಲ.

ಬಾಟ್ಲಿ ತುಂಬೋ ಕಾರ್ಖಾನೇಲಿ ಇಷ್ಟು ವರ್ಷ ಗಾಜಿಗೆ ಗಾಜು ಬಡಿಯೋ ಸದ್ದಲ್ಲಿ ನಿಂತೆ. ಸದ್ದು ಕಡಿಮೆ ಆಗ್ತಿದೆ, ಹೊಸ ಮಷಿನ್ನು ಒಳ್ಳೇದು ಅಂದುಕೊಂಡೆ. ಕಡಿಮೆ ಆಗಿದ್ದು ಮಷಿನ್ ಅಲ್ಲ. ಈಗ ಎದುರು ನಿಂತು ನಿಧಾನ ಹೇಳಿದರೆ ತುಟಿ ನೋಡಿ ಅರ್ಧ ತಿಳಿಯುತ್ತೆ. ಫೋನಲ್ಲಿ ತುಟಿ ಎಲ್ಲಿ ಹುಡುಕಲಿ. ನಿಮ್ಮ ಭಾವನಿಗೆ ಹೇಳಬೇಡಿ ಅಂತ ನಾನೇ ಬಾಯಿಗೆ ಬೀಗ ಹಾಕಿದ್ದೆ. ನೀನು ಕಿವುಡಿ ನಾಟಕ ಅಂತ ಬರೆದಾಗ, ಯಾರೋ ಹೇಳಿಬಿಟ್ಟರು ಅಂತ ಹೆದರಿ ಸುಮ್ಮನಾದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ.

ಬರೋಕೆ ಯಾಕೆ ಭಯ ಅಂದರೆ, ನಿಮ್ಮ ಮನೆ ಅಂದರೆ ಮಾತು. ನೀನು ಜೋಕು ಹೇಳ್ತೀಯ, ಎಲ್ಲರೂ ನಗ್ತಾರೆ, ನಾನು ಅವರ ಮುಖ ನೋಡಿ ಆಮೇಲೆ ನಗ್ತೀನಿ. ಹೋದ ವರ್ಷ ಅಪ್ಪನ ಹತ್ತಿರ ಕೂತಿದ್ದಾಗಲೂ ಅಷ್ಟೇ. ಅವರು ಏನೋ ಹೇಳಿದರು, ದನಿ ಮೊದಲೇ ಇರಲಿಲ್ಲ. ನಾನು ಹ್ಞೂಂ ಅಂದೆ. ಅವರಿಗೆ ಗೊತ್ತಾಗಿಹೋಯ್ತು ಅನ್ಸುತ್ತೆ. ನನ್ನನ್ನೇ ನೋಡ್ತಾ ಮಂಚದ ಪಟ್ಟಿಗೆ ಎರಡು ಸಲ ಬಡಿದರು. ನನ್ನ ಕೈ ಅಲ್ಲೇ ಇತ್ತು. ಅದು ನನಗೆ ತಲುಪ್ತು.

ಸ್ಪಂಜು ತೆಗಿ. ಪೆಟ್ಟಿಗೇನ ಅಪ್ಪನ ಮೇಜಿನ ಮೇಲೆ ಇಡು. ಅದು ಮರದ್ದು.

ಅಕ್ಕ


ಮೇ ೩೧, ಭಾನುವಾರ

ಅಕ್ಕ,

ಕಾಗದ ಓದಿ ಮುಚ್ಚಿಟ್ಟೆ, ಮತ್ತೆ ತೆಗೆದು ಓದಿದೆ. ಕಾಗದ ಆದರೆ ಎರಡು ಸಲ ಓದಬಹುದು ಅಂತ ನೀನು ಬರೆದಿದ್ದು ಈಗ ಅರ್ಥ ಆಯ್ತು. ನನ್ನ ಬಾಯಿಗೆ ರಬ್ಬರ್ ಪಟ್ಟಿ ಹಾಕಬೇಕಿತ್ತು, ಮುಚ್ಚಳಕ್ಕಲ್ಲ.

ಜೋಕಿನ ವಿಷಯ ಬಿಡು. ಇವಳಿಗೆ ಎರಡೂ ಕಿವಿ ಚೆನ್ನಾಗಿವೆ, ಆದರೂ ನನ್ನ ಜೋಕಿಗೆ ಮೂರು ದಿನ ತಡವಾಗಿ ನಗ್ತಾಳೆ. ನೀನು ಅವಳಿಗಿಂತ ಎಷ್ಟೋ ಬೇಗ.

ನಾನೂ ಇವಳೂ ಅಡಿಗೆಮನೆಯಿಂದ ಮೇಜನ್ನ ಮುಂದಿನ ಕೋಣೆಗೆ ತಂದು, ಪೆಟ್ಟಿಗೆ ಎತ್ತಿ ಅದರ ಮೇಲೆ ಇಟ್ವಿ. ಸ್ಪಂಜು ಇಲ್ಲದೆ ಗಾಜನ್ನ ಬರೀ ಮರದ ಮೇಲೆ ಕೂರಿಸೋವಾಗ ನನ್ನ ಎದೆ ಹೇಗೆ ಹೊಡ್ಕೊಳ್ತು ಅಂತ ಇನ್ನೊಬ್ಬ ಗಾಜಿನೋನಿಗೇ ಗೊತ್ತು. ನೀನು ಹೇಳಿದ ಹಾಗೆ ತುದೀಲೇ ಇಟ್ಟಿದ್ದೀನಿ. ಅಲ್ಲಿ ಮರದ ಮೇಲೆ ಹಳೇ ಪೆಟ್ಟಿಗೆಯ ನಾಲ್ಕು ಮೂಲೆ ಗುರುತು ಇನ್ನೂ ಇದೆ. ನನ್ನ ಪೆಟ್ಟಿಗೆ ಸ್ವಲ್ಪ ದೊಡ್ಡದು, ಗುರುತು ಮುಚ್ಚಿಹೋಯ್ತು. ಅಲ್ಲೇ ಪಕ್ಕದಲ್ಲಿ ಇನ್ನೊಂದು ಜಾಗ ಇದೆ, ಬಣ್ಣ ಸವೆದು ನಯ ಆಗಿದೆ. ಇಷ್ಟು ವರ್ಷ ಪಾತ್ರೆ ಇಟ್ಟು ಸವೆದಿದ್ದು ಅಂದುಕೊಂಡಿದ್ದೆ. ಬೆರಳ ಗೆಣ್ಣು ಇಟ್ಟು ನೋಡಿದೆ, ಸರಿಯಾಗಿ ಕೂತ್ಕೊಳ್ತು.

ಮೊದಲ ದಿನ ತಟ್ಟಿದೆ, ಏನೂ ಇಲ್ಲ. ಮಾರನೇ ದಿನ ಬಳ್ಳಿ ಎಲೆ ಅಲ್ಲಾಡಿತು. ಆಮೇಲೆ ಒಂದು ಮೂಗು. ಈ ವಾರ ಪೂರಾ ತಲೆ ಆಚೆ ಹಾಕ್ತಾನೆ, ಗುಂಡೆಲೆ ಗಿಡದ ಮೇಲೆ ಗಲ್ಲ ಇಟ್ಟು ನನ್ನನ್ನ ನೋಡ್ತಾನೆ. ಯಾರಪ್ಪ ಇದು, ಬಡಿಯೋ ರೀತಿ ಬೇರೆ ಇದೆ ಅನ್ನೋ ಹಾಗೆ. ಹುಳ ತೋರಿಸಿದರೆ ಮಾತ್ರ ಒಳಗೆ. ನಾನು ಮೆತ್ತಗೆ ತಟ್ತೀನೋ, ಜೋರಾಗಿ ತಟ್ತೀನೋ, ಗೊತ್ತಾಗ್ತಿಲ್ಲ. ಅಪ್ಪನ ದನಿ ಕಲಿತೆ, ಅಪ್ಪನ ಕೈ ಕಲೀಲಿಲ್ಲ.

ನೀನು ಬಾ. ಭಾವನನ್ನೂ ಕರ್ಕೊಂಡು ಬಾ. ಇಲ್ಲಿ ಯಾರೂ ನಿನ್ನನ್ನ ಕೂಗಲ್ಲ. ಹೇಳೋದಿದ್ದರೆ ಎದುರು ಬಂದು ಹೇಳ್ತೀವಿ, ನನ್ನ ಮೀಸೆ ತುಟಿಗೆ ಅಡ್ಡ ಬರುತ್ತೆ ಅಂತ ಇವಳು ಈಗಾಗಲೇ ಕತ್ತರಿ ಹುಡುಕಿಟ್ಟಿದ್ದಾಳೆ. ಉದ್ದ ಜೋಕು ಇದ್ದರೆ ಬರೆದು ಕೊಡ್ತೀನಿ. ನೀನು ಮಲಗೋ ಕೋಣೆ ಬಾಗಿಲನ್ನೂ

ತಡಿ, ಇವಳು ಒಳಗಿಂದ ಊಟಕ್ಕೆ ಕರೀತಿದ್ದಾಳೆ. ಬಂದೆ ಅಂದೆ. ಬಾಗಿಲ ವಿಷಯ ಬರೀತಿದ್ದೆ. ಬಾಗಿಲು ತಟ್ಟಿದರೆ ನಿನಗೆ ಗೊತ್ತಾಗಲ್ಲ, ಅದಕ್ಕೆ ಮಂಚಾನ ಬಾಗಿಲಿಗೆ ತಾಗಿಸಿ ಇಡೋಣ ಅಂತ. ಬಾಗಿಲು ತಟ್ಟಿದರೆ ಮಂಚ

ಮತ್ತೆ ಕರೆದಳು. "ಎಷ್ಟು ಸಲ ಗಂಟಲು ಹರ್ಕೊಳ್ಳಲಿ, ಎಲ್ಲ ಆರಿಹೋಗ್ತಿದೆ" ಅಂತ ಬೈಕೊಂಡು ತಟ್ಟೆ ಹಿಡ್ಕೊಂಡು ಬಂದಳು. ಬಂದೋಳೇ ಸೌಟಿನ ಹಿಡಿಯಲ್ಲಿ ಮೇಜಿಗೆ ಎರಡು ಬಾರಿಸಿದಳು. ನನ್ನ ಪೆನ್ನು ಹಾರಿತು, ಮೇಲಿನ ಗೀಟು ಅದೇ. ನಾನು ಬೈಯೋಕೆ ತಲೆ ಎತ್ತಿದರೆ ಅವಳು ನನ್ನನ್ನ ನೋಡ್ತಿಲ್ಲ, ಪೆಟ್ಟಿಗೆ ನೋಡ್ತಿದ್ದಾಳೆ.

ಬಳ್ಳಿ ಕೆಳಗಿಂದ ಪೂರಾ ಆಚೆ ಬಂದಿದ್ದಾನೆ ಅಕ್ಕ. ಬಾಲ ಸಮೇತ. ಪಾಚಿ ಮೇಲೆ ನಾಲ್ಕೂ ಕಾಲು ಊರಿ, ಮುಂದಿನ ಗಾಜಿನ ಹತ್ತಿರ ಬಂದು ನಿಂತಿದ್ದಾನೆ, ಎಲ್ಲಿ ನನ್ನ ತಟ್ಟೆ ಅನ್ನೋ ಹಾಗೆ. ಇವಳು ಪಿಸುದನೀಲಿ "ಹುಳ, ಹುಳ" ಅಂತಿದ್ದಾಳೆ. ತರ್ತೀನಿ.

ತಿಂದ. ಒಂದೇ ಗುಕ್ಕಿಗೆ. ಕಣ್ಣು ಮುಚ್ಚಿ ನುಂಗಿದ, ಅಪ್ಪ ಮೊದಲ ತುತ್ತು ನುಂಗ್ತಿದ್ದ ಹಾಗೆ. ಇನ್ನೊಂದು ಕೊಟ್ಟೆ, ಅದನ್ನೂ. ಇವಳು ಸೌಟು ಹಿಡ್ಕೊಂಡೇ ಅಳ್ತಿದ್ದಾಳೆ, ಕೇಳಿದರೆ ನೆಗಡಿ ಅಂತಾಳೆ.

ಈಗ ಕಣ್ಣು ಒರೆಸ್ಕೊಂಡು ಮತ್ತೆ ಮೇಜು ತಟ್ತಿದ್ದಾಳೆ. ಈ ಸಲ ನನಗೆ. ಹೋಗ್ತೀನಿ ಅಕ್ಕ, ತಡ ಮಾಡಿದರೆ ಉಳಿದ ಹುಳ ನನ್ನ ತಟ್ಟೆಗೆ ಬೀಳುತ್ತೆ.